ಪಾಗಾರದ (ಕಂಪೌಂಡ್ ಗೋಡೆಯ) ವಿಷ್ಯ, ತಮಾ ಕೇಳಿದ್ದಕ್ಕೆ

ತಮಾ, ನಿನ್ನೆ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹಾಕಿದ ಮೆಸೇಜ್ ಈಗ ನೋಡ್ದೆ. ಅಂಕೋಲೆ ಮನೆ ಎದುರು ಚಿರೆಕಲ್ಲು ಪಾಗಾರ ಅರ್ಧ ಎದ್ದ ಮೇಲೆ ಪಂಚಾಯ್ತಿ ಪಿಡಿಒ ಬಂದು ಪರ್ಮಿಶನ್ ಎಲ್ಲಿ ಅಂದ್ರು, ಕೆಡವ್ತಾರಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ಹೈವೇ ಬದಿ ಜಾಗ ಅದು ಮಾರಾಯ, ಅಳತೆ ಆಗದೇ ಇನ್ನೊಂದು ಕಲ್ಲು ಇಡ್ಬೇಡ.

ನಮ್ಮ ಕುಮಟೆ ಮನೆ ಕತೆ ಎಲ್ಲರಿಗೂ ಗೊತ್ತೇ ಇದೆ. ಆಗ ಹದಿನೇಳು ನಂಬರ್ ಹೈವೇ ಅಂತಿದ್ರು, ಈಗ 66. ಮೇಸ್ತ್ರಿ ಹಗ್ಗ ಹಿಡ್ದು, ಪಕ್ಕದ ಮನೆ ಪಾಗಾರದ ಸಾಲಿಗೇ ಎಳೀತೆ ಒಡೆಯಾ, ಚಂದ ಕಾಣ್ತದೆ ಅಂದ. ನಿಮ್ಮ ದೊಡ್ಡಪ್ಪಂಗೆ ಚಂದ ಅಂದ್ರೆ ಸಾಕಲ್ಲ, ಹೂಂ ಅಂದ್ರು. ಆ ಪಕ್ಕದವ್ರೇ ರಸ್ತೆ ಮಾರ್ಜಿನ್ ಒತ್ತಿ ಕಟ್ಟಿದ್ದು ಅಂತ ಯಾರಿಗೆ ಗೊತ್ತು? ಚತುಷ್ಪಥ ಬಂತು, ಸರ್ವೆಯವ್ರು ಕಲ್ಲು ನೆಟ್ಟು ಕೆಂಪು ಬಣ್ಣ ಬಳ್ದು ಹೋದ್ರು, ಹೋದ ಮಾಲ್ಕಿ ಜಾಗಕ್ಕೆ ಪರಿಹಾರ ಬಂತು, ಪಾಗಾರಕ್ಕೆ ಒಂದು ರೂಪಾಯಿ ಇಲ್ಲ, ಎಂತಕ್ಕೆ ಅಂದ್ರೆ ಅದು ನಿಂತಿದ್ದೇ ಸರ್ಕಾರದ ಜಾಗದಲ್ಲಿ. ಗೇಟು ಒಂದು ಉಳೀತು, ಕೊಟ್ಟಿಗೇಲಿ ತುಕ್ಕು ಹಿಡೀತಾ ಬಿದ್ದಿದೆ. ಅದಕ್ಕೇ ಮತ್ತೆ ಹೇಳ್ತೆ, ಅಳತೆ ಆಗದೇ ಒಂದು ಕಲ್ಲೂ ಇಡ್ಬೇಡ, ಪಕ್ಕದವ್ರ ಸಾಲು ನೋಡಿ ಅಂತೂ ಇಡ್ಲೇಬೇಡ.

ಜೆಸಿಬಿ ಬಂದು ನಮ್ಮ ಪಾಗಾರ ಕೆಡವಿದ ದಿನ ಇದೇ ಗ್ರೂಪಿನ ಒಬ್ಬರೂ ಬರ್ಲಿಲ್ಲ, ಬಿದ್ದ ಕಲ್ಲು ಒಯ್ಯೂಕೆ ಮಾತ್ರ ಟೆಂಪೋ ಬಂತು. ಯಾರು ಅಂತ ಹೇಳೂದಿಲ್ಲ, ಅವ್ರ ಕೊಟ್ಟಿಗೆ ಗೋಡೆ ನೋಡಿದ್ರೆ ನಮ್ಮ ಪಾಗಾರದ ಹಸಿರು ಬಣ್ಣ ಇನ್ನೂ ಕಾಣ್ತದೆ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬೇರೆ. ನಮ್ಮ ಸಣ್ಣವಳೂ ಅಷ್ಟೇ, ಇಂಗ್ಲೆಂಡಲ್ಲಿ ಮನೆ ತಗೊಂಡಿದ್ದಾಳೆ, ಅಲ್ಲಿ ಗಾಡಿ ಓಡೋ ರಸ್ತೆ ಬದಿಗೆ 1 ಮೀಟರಿಗಿಂತ ಎತ್ತರ ಬೇಲಿ ಎಬ್ಸೂಕೂ ಕೌನ್ಸಿಲ್ ಪರ್ಮಿಶನ್ ಬೇಕಂತೆ, ಹಿಂದ್ಗಡೆ ಆದ್ರೆ 2 ಮೀಟರ್ ತನಕ ಅಡ್ಡಿಲ್ಲಂತೆ, ಇದೆಲ್ಲ ಫೋನಲ್ಲಿ ಹೇಳೂಕೆ ಪುರ್ಸೊತ್ತು ಇದೆ, ಊರಿಗೆ ಬಾ ಅಂದ್ರೆ ರಜೆ ಇಲ್ಲ.

ಅಯ್ಯೋ, ಮುಖ್ಯದ್ದೇ ಬಿಟ್ಟೆ ನೋಡು. ಪಿಡಿಒ ಬಾಯಲ್ಲಿ ಹೇಳಿದ್ದಾ, ನೋಟಿಸ್ ಕೊಟ್ಟಿದ್ದಾ? ನೋಟಿಸ್ ಆದ್ರೆ ಅದ್ರಲ್ಲಿ ಹಾಕಿದ ದಿನದೊಳಗೆ ಬರವಣಿಗೇಲಿ ಉತ್ರ ಕೊಡು. ಕೆಲ್ಸ ನಿಲ್ಸು, ಪಹಣಿ ಹಿಡ್ಕಂಡು ನಾಡಕಚೇರೀಲಿ ಹದ್ದುಬಸ್ತಿಗೆ, ಅಂದ್ರೆ ಜಾಗದ ಗಡಿ ಅಳತೆಗೆ, ಅರ್ಜಿ ಹಾಕು, ಸರ್ವೇರ್ ಬರೋ ದಿನ ಅಕ್ಕಪಕ್ಕದವ್ರೂ ಎದುರಿಗೆ ಇರ್ಲಿ. ಆ ನಕ್ಷೆ ಇಟ್ಟು ಪಂಚಾಯ್ತಿಗೆ ಪರ್ಮಿಶನ್ ಕೇಳು, ಹೈವೇಯವ್ರದ್ದೂ ಒಪ್ಪಿಗೆ ತರ್ಬೇಕಾ ಅಂತ ಅಲ್ಲೇ ವಿಚಾರ್ಸು, ಅರ್ಜಿ ನಕಲಿಗೆ ಸೀಲು ಹಾಕಿಸ್ಕಳ್ದೇ ಬರ್ಬೇಡ. ಮೇಸ್ತ್ರಿಗೆ ಬಾಕಿ ದುಡ್ಡು ಈಗ್ಲೇ ಕೊಡ್ಬೇಡ.