ಹಳೇ ಮನೆ ಹೋಂಸ್ಟೇ ಮಾಡೋದಾ ಬೇಡ್ವಾ? ಮಾಡಿದವರು ಅನುಭವ ಹೇಳಿ

ಗುತ್ತಿ ರೋಡ್ ಹುಡುಗ:
ನಮ್ದು ಮೂಡಿಗೆರೆ ತಾಲೂಕು, ದೇವರಮನೆ ಗುಡ್ಡಕ್ಕೆ ಹೋಗೋ ದಾರೀಲೇ ಮನೆ. ಐದೆಕರೆ ಕಾಫಿ ತೋಟ, ಜಾಸ್ತಿ ರೊಬಸ್ಟಾ. ಅಜ್ಜನ ಕಾಲದ ಹೆಂಚಿನ ಮನೇಲಿ ನಾಲ್ಕು ರೂಮು ಖಾಲಿ ಬಿದ್ದಿದೆ. ಬೆಂಗಳೂರಲ್ಲಿರೋ ತಮ್ಮ ಹೋಂಸ್ಟೇ ಮಾಡೋಣ, 18 ಲಕ್ಷ ಲೋನ್ ತಗೊಳೋಣ ಅಂತಾನೆ. ಅಪ್ಪ ಕಂಡೋರೆಲ್ಲ ಮನೆಯೊಳಗೆ ಬರೋದು ಬೇಡ ಅಂತ ಪಟ್ಟು ಹಿಡಿದಿದ್ದಾರೆ. ವೀಕೆಂಡ್ ಬಂದ್ರೆ ನಮ್ಮ ಗೇಟ್ ಮುಂದೆ ನಮ್ಮ ಗಾಡಿ ತಿರುಗ್ಸೋಕೇ ಜಾಗ ಇರಲ್ಲ, ಅಷ್ಟು ಕಾರು, ಅದ್ರಲ್ಲಿ ನಮಗೆ ಒಂದ್ರೂಪಾಯಿ ಬರಲ್ಲ. ಲೈಸೆನ್ಸ್ ವಿಷಯ ವಿಚಾರಿಸಿದೀನಿ, ಅದು ಬಿಡಿ. ಸಾಲ ತೀರುತ್ತಾ, ಅಪ್ಪನ್ನ ಒಪ್ಪಿಸೋದು ಹೆಂಗೆ, ಅಷ್ಟು ಹೇಳಿ ಸಾಕು.

ಸೋಮವಾರಪೇಟೆ ತೋಟ:
ಕೊಡಗಿನವನು ಹೇಳ್ತೀನಿ ಕೇಳಿ. ರೊಬಸ್ಟಾ ಚೆರ್ರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮೂಟೆಗೆ ಮೂರು ಮೂರೂವರೆ ಸಾವಿರ ಇದ್ದ ಕಾಲ, ಗೊಬ್ಬರಕ್ಕೂ ಸಾಲಲ್ಲ ಅಂತ 2017ರಲ್ಲಿ ಶುರು ಮಾಡಿದ್ದು. ಒಂದು ಬಾತ್‌ರೂಮಿಗೆ 1.85 ಲಕ್ಷ, ಹಿಟಾಚಿಯವನಿಗೆ ಗಂಟೆ ಲೆಕ್ಕ, ಗುಂಡಿ ತೋಡುವಾಗ ಬಂಡೆ ಸಿಕ್ಕಿ ಅದಕ್ಕೇ 70 ಸಾವಿರ ಎಕ್ಸ್‌ಟ್ರಾ, ಹಳೇ ಮಣ್ಣಿನ ಗೋಡೆಗೆ ಟೈಲ್ಸ್ ನಿಲ್ಲಲ್ಲ ಅಂತ ಮೇಸ್ತ್ರಿ ಒಳಗಡೆ ಇನ್ನೊಂದು ಗೋಡೆ ಕಟ್ಟಿಸಿದ, ಅದು ಬೇರೆ. ಮೊದಲ ಸೀಸನ್ ಚೆನ್ನಾಗೇ ಇತ್ತು. ಆಮೇಲೆ 2018 ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಿದ್ದು ಟಿವೀಲಿ ದಿನಾ ತೋರ್ಸಿದ್ರು, ಜಿಲ್ಲೆಗೆ ಟೂರಿಸ್ಟ್ ಬರಬಾರದು ಅಂತ ಆರ್ಡರ್ ಆಯ್ತು. ನಮ್ಮ ಕಡೆ ನಮ್ಮ ತೋಟದಲ್ಲಿ ಒಂದು ಮರಾನೂ ಬಿದ್ದಿರ್ಲಿಲ್ಲ, ಆದ್ರೂ ದಸರಾ ರಜೆ ಬುಕಿಂಗ್ ಕೂಡ ಕ್ಯಾನ್ಸಲ್, ಅಡ್ವಾನ್ಸ್ ಎಲ್ಲಾ ವಾಪಸ್ ಹಾಕಿದ್ದು ನಾನು. 2019ರ ಮಳೆಗಾಲದಲ್ಲಿ ಮತ್ತೆ ಅದೇ ಕಥೆ. 2020ರಲ್ಲಿ ಲಾಕ್‌ಡೌನ್, ಅದರ ಮೇಲೆ ತಲಕಾವೇರಿ ಗುಡ್ಡ ಜರಿದಿದ್ದು. ಬ್ಯಾಂಕಿನವರು ಮಾತ್ರ ಒಂದು ತಿಂಗಳೂ ಮರೀಲಿಲ್ಲ. 2022ರಲ್ಲಿ ಮುಚ್ಚಿದೆ. 2024-25ರಲ್ಲಿ ಮೂಟೆ ಹತ್ತು ಸಾವಿರ ದಾಟ್ತಲ್ಲ, ಆ ದುಡ್ಡಲ್ಲಿ ಹೋಂಸ್ಟೇ ಸಾಲ ತೀರಿಸಿದೆ. ಅಂದ್ರೆ ಟೂರಿಸ್ಟು ಕಾಫಿನ ಸಾಕಲಿಲ್ಲ, ಕಾಫಿನೇ ಟೂರಿಸ್ಟ್ ಸಾಲ ತೀರಿಸಿದ್ದು.

ಹೆಂಚಿನಮನೆ ಅಕ್ಕ:
ಸೋಮವಾರಪೇಟೆಯವ್ರೇ, ನಿಮಗೆ ಕೈ ಸುಟ್ಟಿತು ಅಂತ ಎಲ್ರಿಗೂ ಸುಡಬೇಕಾ? ನಾವು ಸಕಲೇಶಪುರದ ಹತ್ರ, ಮೂರೇ ರೂಮು, ಸಾಲ ಮಾಡಲಿಲ್ಲ, ಒಡವೆ ಇಟ್ಟು ಎರಡು ಬಾತ್‌ರೂಮ್ ಮಾಡ್ಸಿದೆ, ಮೂರನೇದು ದುಡಿದ ದುಡ್ಡಲ್ಲಿ. ತಲೆಗೆ 2,200, ಊಟ ತಿಂಡಿ ಸೇರಿ. ಮದುವೆಯಾಗಿ ಬಂದಾಗಿಂದ ಕಾಫಿ ದುಡ್ಡು ಯಾವತ್ತೂ ಯಜಮಾನ್ರ ಅಕೌಂಟಿಗೆ, ಅವರ ಕೈಯಿಂದ ಕೇಳಿ ಇಸ್ಕೊಳ್ಬೇಕಿತ್ತು, ಈಗ ಹೋಂಸ್ಟೇ ದುಡ್ಡು ನನ್ನ ಅಕೌಂಟಿಗೆ. ಮೊಟ್ಟೆ, ಜೇನು, ಕಳಲೆ, ನಾಟಿ ಕೋಳಿ ಎಲ್ಲಾ ಊರಿಂದಲೇ. ಲೈನ್ ಮನೆಯ (ತೋಟದ ಆಳುಗಳ ಸಾಲು ಮನೆ) ಇಬ್ರು ಹೆಂಗಸರಿಗೆ ಮಳೆಗಾಲದಲ್ಲೂ ಕೆಲಸ ಇದೆ. ಕಷ್ಟ ಅಂದ್ರೆ ಬಟ್ಟೆ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಡ್‌ಶೀಟ್ ಒಣಗಲ್ಲ. ಬಿಳಿ ಶೀಟೇ ಬೇಕು ಅಂತಾರೆ, ಒಂದು ಜೊತೆ ಶೀಟಿಗೆ 1,400, ಒಂದು ಸಲ ಮೆಹೆಂದಿ ಹಚ್ಚಿಕೊಂಡ ಹುಡುಗೀರು ಬಂದ್ರೆ ಮುಗೀತು, ಅದು ಒರೆಸೋ ಬಟ್ಟೆನೇ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ರೆ ಹೊಗೆ ವಾಸನೆ ಅಂತ ಒಂದೇ ಸ್ಟಾರ್ ಕೊಟ್ರು. ಆಮೇಲೆ ಡ್ರೈಯರ್ ತಗೊಂಡೆ, 38 ಸಾವಿರ, ಅದಕ್ಕೆ ಕರೆಂಟು ಸಾಲಲ್ಲ, ವೋಲ್ಟೇಜ್ ಬಿದ್ದು ಬೋರ್ಡ್ ಹೋಯ್ತು, ಬೋರ್ಡಿಗೆ 9 ಸಾವಿರ, ಸ್ಟೆಬಿಲೈಸರ್ ಬೇರೆ. ಬುಕಿಂಗ್ ಆ್ಯಪಿನವರಿಗೆ ನೂರಕ್ಕೆ 18 ಕೊಟ್ಟಿದೀನಿ ಮೊದಮೊದಲು. ಈಗ ಬಂದವರೇ ಮತ್ತೆ ಬರ್ತಾರೆ, ಫೋನಲ್ಲೇ ಬುಕಿಂಗ್.

ಗುಡ್ಡದ ಕೆಳಗಿನವ:
ಹೋಂಸ್ಟೇ ಇಟ್ಕೊಂಡವರೇ ಮಾತಾಡ್ತಿದೀರ, ಪಕ್ಕದ ಮನೆಯವನನ್ನ ಯಾರೂ ಕೇಳಲ್ಲ. ನಮ್ಮ ಮೇಲ್ಗಡೆ ತೋಟಾನ ಬೆಂಗಳೂರಿನವನೊಬ್ಬ ಲೀಸಿಗೆ ತಗೊಂಡು ಟೆಂಟ್ ಹಾಕಿದಾನೆ, ಹೆಸರಿಗೆ ಹೋಂಸ್ಟೇ, ಅಲ್ಲಿ ಯಾರದ್ದೂ ಹೋಮ್ ಇಲ್ಲ. ರಾತ್ರಿ ಎರಡು ಗಂಟೆವರೆಗೆ ಸ್ಪೀಕರ್. ಗ್ರಾವಿಟಿ ನೀರು, ಅಂದ್ರೆ ಮೋಟ್ರಿಲ್ದೆ ಇಳಿಜಾರಲ್ಲೇ ಹರಿದು ಬರೋದು, ಮೂರು ಮನೆಗೆ ಬರ್ತಿದ್ದು ಹಳ್ಳದಿಂದ, ಅವನು ಮೇಲೆ ಪೈಪ್ ಹಾಕಿ ಈಜುಕೊಳಕ್ಕೆ ತಿರುಗಿಸಿದ, ಈಗ ಮಾರ್ಚ್ ಬಂದ್ರೆ ನಮಗೆ ಕೆಸರು ಬರುತ್ತೆ. ನಾನು 500 ಅಡಿ ಪೈಪು ಹೊಸದು ಹಾಕಿದೆ, ಮೋಟ್ರು, ಟ್ಯಾಂಕು ಸೇರಿ 64 ಸಾವಿರ. ಗುಡ್ಡದ ಮೇಲೆ ಬಾಟ್ಲಿ ಒಡೆದು ಬಿಸಾಕಿ ನಮ್ಮ ಹಸುವಿನ ಗೊರಸು ಸೀಳಿ, ಡಾಕ್ಟ್ರು, ಔಷಧಿ, ಹಾಲು ನಿಂತಿದ್ದು ಎಲ್ಲಾ ನನ್ನ ಲೆಕ್ಕಕ್ಕೆ. ಕೊಯ್ಲಿಗೆ ಆಳು ಕೇಳಿದ್ರೆ ರೆಸಾರ್ಟಿಗೆ ರೂಮ್ ತೊಳೆಯೋಕೆ ಹೋಗ್ತೀವಿ ಅಂತಾರೆ, ನೆರಳಲ್ಲಿ ಕೆಲಸ, ಟಿಪ್ಸು, ಅವರ ತಪ್ಪೂ ಅಲ್ಲ. ಜಾಗದ ರೇಟು ಎಷ್ಟಾಗಿದೆ ಅಂದ್ರೆ ಅಣ್ಣ ತನ್ನ ಪಾಲು ಮಾರ್ತೀನಿ ಅಂದಾಗ ನನ್ನ ಕೈಲಿ ತಗೊಳೋಕಾಗಲಿಲ್ಲ, ಹೊರಗಿನವರಿಗೆ ಹೋಯ್ತು.

ಹೆಂಚಿನಮನೆ ಅಕ್ಕ:
ಆ ಟೆಂಟಿನವನಿಗೂ ನಮಗೂ ಏನ್ರೀ ಸಂಬಂಧ. ನಾವು ಹತ್ತು ಗಂಟೆಗೆ ಲೈಟ್ ಆಫ್.

ಗುಡ್ಡದ ಕೆಳಗಿನವ:
ಎಲ್ರೂ ಹಂಗೇ ಹೇಳೋದು ಮೇಡಂ. ನಿಮ್ಮ ಪಕ್ಕದ ಮನೆಯವರನ್ನ ಕೇಳ್ಬೇಕು.

ಗಂಗಾವತಿ ಮಂದಿ:
ನಿಮ್ಮದೆಲ್ಲಾ ಬೆಡ್‌ಶೀಟ್ ಜಗಳ ಆತ್ರಿ. ನಮ್ಮ ಮನಿ ಮ್ಯಾಲ ಜೆಸಿಬಿ ಬಂದಿತ್ತು. ವಿರೂಪಾಪುರ ಗಡ್ಡಿ ಹೆಸರು ಕೇಳಿರಬೇಕು, ಹಂಪಿ ಎದುರಿಗೆ, ಹೊಳಿ ಆಚೆ ದಂಡಿ. ಭತ್ತದ ಗದ್ದಿ ಇತ್ತು ನಮ್ಮ ಮಾವನದು. ಫಾರಿನ್ ಮಂದಿ, ಅದ್ರಾಗ ಇಸ್ರೇಲಿನವರು ಭಾಳ, ತಿಂಗಳುಗಟ್ಟಲೆ ಇರೋರು, ಭತ್ತ ಬಿಟ್ಟು ಗುಡಿಸಲಾ ಹಾಕಿದ್ವಿ. ಎರಡು ಎಕರೆ ಭತ್ತದಾಗ ವರ್ಷಕ್ಕ ಬರೋದು ಒಂದು ಸೀಸನ್‌ನಾಗ ಬರ್ತಿತ್ತು. ಹಂಪಿ ಸ್ಮಾರಕದ ಪ್ರದೇಶ, 1988ರ ನೋಟಿಫಿಕೇಶನ್ ಐತಿ, ಅಲ್ಲಿ ಕಟ್ಟೋಹಂಗಿಲ್ಲ ಅಂತ ಕೇಸು ಸುಪ್ರೀಂ ಕೋರ್ಟ್ ತನಕ ಹೋತು. 2020 ಫೆಬ್ರವರಿಯಾಗ ತೀರ್ಪು, ಮಾರ್ಚ್‌ನಾಗ ಕೆಡವಿದ್ರು, ಅದೇ ತಿಂಗಳು ಲಾಕ್‌ಡೌನ್. ಗ್ಯಾಸ್ ಸಿಲಿಂಡರ್, ಹಾಸಿಗಿ, ನಾಲ್ಕು ಮೊಪೆಡ್ ಹೊರಗ ತರಾಕ ಟೈಮ್ ಸಿಕ್ತು, ಬಾತ್‌ರೂಮ್ ಕಿತ್ತು ತರಾಕ ಬರ್ತೈತೇನ್ರಿ? ಆಮ್ಯಾಲ ಸಾಣಾಪುರದಾಗ ಬಾಡಿಗಿ ಜಾಗದಾಗ ಮತ್ತ ಶುರು ಮಾಡಿದ್ವಿ. ಅಂಜನಾದ್ರಿಗೆ ಬರೋ ಮಂದಿ ಹೆಚ್ಚಾತು ಖರೆ, ಆದ್ರ ಭಕ್ತರು ಬೆಟ್ಟ ಹತ್ತತಾರ, ಇಳೀತಾರ, ಊರಿಗೆ ಹೋಗ್ತಾರ, ರೂಮ್ ಹಿಡಿಯೋರು ಕಡಿಮಿ. 2025 ಮಾರ್ಚ್‌ನಾಗ ಕಾಲುವಿ ದಂಡಿಗೆ ಪ್ರವಾಸಿಗರ ಮ್ಯಾಲ ದಾಳಿ ಆಗಿ ಒಬ್ಬ ಸತ್ತ, ಮರುದಿನದಿಂದ ಫೋನೇ ಇಲ್ಲ. ತಪ್ಪು ಮಾಡಿದವ ಯಾರೋ, ಖಾಲಿ ಕುಂತಿದ್ದು ಇಡೀ ಊರು.

ಸೋಮವಾರಪೇಟೆ ತೋಟ:
ಕಾನೂನು ಮೀರಿ ಕಟ್ಟಿದ್ರೆ ಕೆಡವದೆ ಇನ್ನೇನು ಮಾಡ್ತಾರೆ. ಸ್ಮಾರಕ ಉಳೀಬೇಕಲ್ಲ.

ಗಂಗಾವತಿ ಮಂದಿ:
ನೀವು ತೋಟದಾಗ ಕುಂತು ಹೇಳೋದು ಸುಲಭ ಐತಿ. ಇಷ್ಟು ವರ್ಷ ನಮ್ಮ ಕಡಿಂದ ಟ್ಯಾಕ್ಸ್ ತಗೊಂಡ್ರು, ಕರೆಂಟ್ ಕೊಟ್ರು, ಆವಾಗ ಸ್ಮಾರಕ ಕಾಣಲಿಲ್ಲೇನು? ನಿಮ್ಮ ಕಡೆ ಗುಡ್ಡ ಕಡಿದು ಕಟ್ಟಿದ ರೆಸಾರ್ಟ್ ಎಷ್ಟು ಅದಾವ, ಅದನ್ನ ಮೊದಲ ಎಣಿಸ್ರಿ, ಆಮ್ಯಾಲ ಗುಡ್ಡ ಯಾಕ ಜಾರಿತು ಕೇಳ್ರಿ.

ಸೋಮವಾರಪೇಟೆ ತೋಟ:
2018ರ ಮಳೆ ಎಂಥಾದ್ದು ಅಂತ ನೋಡದವರು ಮಾತಾಡಬೇಡಿ. ಕಾಡು ಗುಡ್ಡನೂ ಜರಿದಿದೆ. ಆದ್ರೂ ರೋಡಿಗೆ ಅಂತ ಜೆಸಿಬಿ ಹಚ್ಚಿ ನೆಟ್ಟಗೆ ಕಡಿದ ಕಡೆ ಜಾಸ್ತಿ ಜರಿದಿದ್ದು ನಾನೂ ನೋಡಿದೀನಿ, ಅದನ್ನ ಇಲ್ಲ ಅನ್ನಲ್ಲ.

ಜೀಪ್ ಕಳಸ:
ರೂಮಿನವರದ್ದೇ ಆಯ್ತು ಬೆಳಗಿಂದ. ನಾನು ಸಂಸೆಯಿಂದ ಮುಳ್ಳೋಡಿಗೆ ಕುದುರೆಮುಖ ಟ್ರೆಕಿಂಗಿನವರನ್ನ ಬಿಡೋ ಪಿಕಪ್ ಓಡಿಸ್ತೀನಿ. ಗಾಡಿ ಸೆಕೆಂಡ್‌ಹ್ಯಾಂಡ್ 5.2 ಲಕ್ಷ, ಆ ರೋಡಲ್ಲಿ ಟೈರು ವರ್ಷ ಬರಲ್ಲ, ಸೆಟ್ಟಿಗೆ 30 ಸಾವಿರ, ಸ್ಪ್ರಿಂಗ್ ಪಟ್ಟಾ ಮುರಿದ್ರೆ ಬೇರೆ. 2024 ಜನವರಿ 26ರ ವೀಕೆಂಡಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ಓಡ್ತಲ್ಲ, ಅಲ್ಲಿ ಗಲಾಟೆ ಆದ್ರೆ ಇಲ್ಲಿ ನಮ್ಮ ಟ್ರೆಕಿಂಗೂ ಬಂದ್ ಮಾಡಿದ್ರು, ಆನ್‌ಲೈನ್ ಬುಕಿಂಗ್ ಬರೋವರೆಗೆ ಇರಿ ಅಂತ. ನನಗೆ ಇಎಂಐ ಇರಲ್ವಾ. ಆದ್ರೂ ಹೇಳ್ತೀನಿ, ಈಗ ದಿನಕ್ಕೆ ಇಷ್ಟೇ ಜನ ಅಂತ ಆಗಿದ್ದು ಒಳ್ಳೇದೇ, ಎಲ್ಲಾ ಗಾಡಿಗೂ ಸರದಿ ಸಿಗುತ್ತೆ, ಜಗಳ ಕಮ್ಮಿ. ಊಟಿಗೆ ಹೋಗೋಕೂ 2024 ಮೇಯಿಂದ ಇ-ಪಾಸ್ ಬೇಕಲ್ಲ, ಅಲ್ಲೇನು ಅಂಗಡಿ ಮುಚ್ಚಿದಾವಾ? ದೇವರಮನೆಗೂ ಹಂಗೇ ಮಾಡ್ಲಿ.

ಗುಡ್ಡದ ಕೆಳಗಿನವ:
ಪಾಸ್ ಬಂದ್ರೆ ನಾನು ನನ್ನ ಮನೆಗೆ ಹೋಗೋಕೂ ಆಧಾರ್ ತೋರಿಸ್ಬೇಕಾಗುತ್ತೆ ಅಷ್ಟೇ. ನಿಮ್ಮ ಜೀಪಿನವರು ಒಂದು ಕಿಲೋಮೀಟರಿಗೆ ಎಷ್ಟು ಕೇಳ್ತೀರ ಅಂತ ಎಲ್ರಿಗೂ ಗೊತ್ತು.

ಜೀಪ್ ಕಳಸ:
ಟೈರ್ ನೀವು ಹಾಕ್ಸಿ, ಫ್ರೀ ಬಿಡ್ತೀನಿ.

ಹೆಂಚಿನಮನೆ ಅಕ್ಕ:
ಜೀಪಿನವರಿಗೆ ಕಮಿಷನ್ ಕೊಡದಿದ್ರೆ "ಆ ಹೋಂಸ್ಟೇ ಮುಚ್ಚಿದೆ" ಅಂತ ಗೆಸ್ಟಿಗೆ ಹೇಳಿ ಬೇರೆ ಕಡೆ ಕರ್ಕೊಂಡು ಹೋಗ್ತಾರೆ, ನಮಗೇ ಆಗಿದೆ. ಎಲ್ಲಾ ಡ್ರೈವರ್ರೂ ಅನ್ನಲ್ಲ.

ಜೀಪ್ ಕಳಸ:
ನೀವು ಡ್ರೈವರಿಗೆ ಮಲಗೋಕೆ ಜಾಗ ಕೊಡ್ತೀರಾ ಅಕ್ಕ? ಗೆಸ್ಟಿಗೆ ಅಕ್ಕಿ ರೊಟ್ಟಿ ನಾಟಿ ಕೋಳಿ, ಡ್ರೈವರಿಗೆ ಜಗಲೀಲಿ ಉಳಿದ ಚಿತ್ರಾನ್ನ. ಮಳೇಲಿ ಗಾಡಿಯೊಳಗೇ ಮಲಗೋದು ನಾವು.

ಹೆಂಚಿನಮನೆ ಅಕ್ಕ:
ನಮ್ಮನೇಲಿ ಡ್ರೈವರಿಗೂ ಅದೇ ಊಟ. ಬಂದು ನೋಡಿ ಆಮೇಲೆ ಹೇಳಿ.

ಗುತ್ತಿ ರೋಡ್ ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಅಪ್ಪನಿಗೆ ಗಂಗಾವತಿಯವರು ಬರೆದಿದ್ದು ಓದಿ ಹೇಳಿದೆ, ನೋಡು ನಾನು ಹೇಳಿಲ್ವಾ ಅಂದ್ರು. ಅಕ್ಕನದ್ದನ್ನ ಅಮ್ಮ ಕೇಳಿಸ್ಕೊಂಡು "ಆ ದುಡ್ಡು ಯಾರ ಅಕೌಂಟಿಗೆ ಅಂದೆ, ಇನ್ನೊಂದ್ಸಲ ಓದು" ಅಂದ್ರು. ಈಗ ಮನೇಲಿ ಎರಡು ಪಾರ್ಟಿ. 18 ಲಕ್ಷದ ಲೆಕ್ಕ ಬಿಟ್ಟು ಎರಡು ರೂಮಿಂದ ಶುರು ಮಾಡಿದ್ರೆ ಹೆಂಗೆ ಅಂತ ತಮ್ಮನಿಗೆ ಹೇಳಿದೀನಿ, ಅವನು ಈಜುಕೊಳ ಇಲ್ದೆ ಯಾರೂ ಬರಲ್ಲ ಅಂತಾನೆ.

ಗುಡ್ಡದ ಕೆಳಗಿನವ:
ಈಜುಕೊಳಕ್ಕೆ ನೀರು ಯಾವ ಹಳ್ಳದ್ದು ಅಂತ ಮೊದಲು ಹೇಳಿ. ನಾನೂ ಅದೇ ರೋಡಲ್ಲಿರೋದು.