ಉತ್ಸವದ ಚಪ್ಪರಕ್ಕೆ ಚಿತ್ರಗಳು ಬರಬೇಕೆ?

ಬೀದಿನೋಟ: ಬಡಾವಣೆಯ ಉತ್ಸವದಲ್ಲಿ ಕಲಾ ಗ್ಯಾಲರಿ ಪಾಲ್ಗೊಳ್ಳುವುದೆಂದರೆ ಬಾಗಿಲಿಗೆ ಬಣ್ಣದ ದೀಪ ಹಾಕಿ ರಾತ್ರಿ ತಡವಾಗಿ ಮುಚ್ಚುವುದಲ್ಲ, ಒಳಗಿನ ಚಿತ್ರಗಳನ್ನು ಜನರಿರುವಲ್ಲಿಗೆ, ಚಪ್ಪರದ ಕೆಳಕ್ಕೆ ತರುವುದು. ಗಾಜಿನ ಬಾಗಿಲು, ಬಿಳಿ ಗೋಡೆ, ಮೂಲೆಯ ಕಾವಲುಗಾರ, ಇಷ್ಟನ್ನು ಕಂಡೇ ಹಿಂದೆ ಸರಿಯುವವರನ್ನು ‘ಪ್ರವೇಶ ಉಚಿತ’ ಎಂಬ ಫಲಕ ಒಳಗೆ ಕರೆತರುವುದಿಲ್ಲ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿದ ‘ವಸ್ತುಸಂಗ್ರಹಾಲಯ’ದ ವ್ಯಾಖ್ಯೆಯಲ್ಲಿಯೇ ಸಮುದಾಯಗಳ ಸಹಭಾಗಿತ್ವದ ಮಾತಿದೆ.

ಹಳೆಯ ಚೌಕಟ್ಟು: ‘ಚಪ್ಪರದ ಕೆಳಕ್ಕೆ’ ಎಂದು ಬರೆಯುವುದು ಸುಲಭ. ಜಲವರ್ಣಕ್ಕೆ ಗ್ಯಾಲರಿಗಳು ಪಾಲಿಸುವ ಬೆಳಕಿನ ಮಿತಿ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಚಿತ್ರದ ಮೇಲೆ ಬೀಳುವ ಬೆಳಕಿನ ಅಳತೆ). ಹಗಲಲ್ಲಿ ಬಯಲಿನ ನೆರಳಿನಲ್ಲಿಯೇ 10,000 ಲಕ್ಸ್ ಇರಬಹುದು. ಒಳಗೆ ದಿನಕ್ಕೆ ಎಂಟು ಗಂಟೆಯಂತೆ 150 ದಿನ ಬೀಳುವಷ್ಟು ಬೆಳಕು ಅಲ್ಲಿ ಆರೇ ಗಂಟೆಯಲ್ಲಿ ಬೀಳುತ್ತದೆ, ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಮೂರನೆಯ ಸಾಲು: ‘ಬಯಲಿನ ನೆರಳು’ ಮತ್ತು ಚಪ್ಪರ ಒಂದೇ ಅಲ್ಲ ಸ್ವಾಮಿ. ದಪ್ಪ ಬಟ್ಟೆ ಹೊದಿಸಿ ಮೂರು ಕಡೆ ಪರದೆ ಕಟ್ಟಿ 1,000 ಲಕ್ಸ್‌ಗೆ ಇಳಿಸಿದರೆ ನಿಮ್ಮ 150 ದಿನ 15 ಆಗುತ್ತದೆ.

ಹಳೆಯ ಚೌಕಟ್ಟು: 15 ದಿನದ ಬೆಳಕು ಒಂದೇ ಹಗಲಿನಲ್ಲಿ ಬೀಳುವುದೆಂದು ತಾವೇ ಒಪ್ಪಿದ್ದಕ್ಕೆ ಧನ್ಯವಾದ.

ಮೂರನೆಯ ಸಾಲು: ಒಪ್ಪಿಲ್ಲ, ಲೆಕ್ಕ ತಿದ್ದಿದ್ದೇನೆ. ತೈಲವರ್ಣಕ್ಕೆ 200 ಲಕ್ಸ್‌ವರೆಗೂ ಅವಕಾಶವಿರುವುದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ.

ನೆರಳುಬೆಳಕು: ಮೂಲಕೃತಿಯನ್ನೇ ಏಕೆ ಒಯ್ಯಬೇಕು? ಲಂಡನ್ನಿನ ನ್ಯಾಷನಲ್ ಗ್ಯಾಲರಿ 2007ರಲ್ಲಿ ತನ್ನ ಚಿತ್ರಗಳ ಮೂಲಗಾತ್ರದ ಪ್ರತಿಗಳನ್ನು ಚೌಕಟ್ಟಿನ ಸಮೇತ ಬೀದಿಗೋಡೆಗಳಿಗೆ ತೂಗುಹಾಕಿತ್ತು. ಡೆಟ್ರಾಯಿಟ್ ಕಲಾಸಂಸ್ಥೆಯೂ 2010ರಲ್ಲಿ ಇಂಥದೇ ಕೆಲಸ ಆರಂಭಿಸಿತು.

ಹಳೆಯ ಚೌಕಟ್ಟು: ‘ಪ್ರತಿ’ಯೇ ಸಾಕೆಂದರೆ ಗ್ಯಾಲರಿ ಏಕೆ, ಮುದ್ರಣಾಲಯವನ್ನು ಕರೆಯಿರಿ.

ಬೀದಿನೋಟ: ಪ್ರತಿಯನ್ನು ನಾನೂ ಒಪ್ಪುವುದಿಲ್ಲ, ಕಾರಣ ಬೇರೆ. ಒಳಗಿನವರಿಗೆ ಅಸಲು, ಬೀದಿಯವರಿಗೆ ನಕಲು ಎಂಬುದು ಪಂಕ್ತಿಭೇದ.

ನೆರಳುಬೆಳಕು: ‘ಪಂಕ್ತಿಭೇದ’ ಅತಿಯಾಯಿತು. ಆ ಪದವನ್ನು ಹಿಂತೆಗೆದುಕೊಳ್ಳಿ.

ಬೀದಿನೋಟ: ತೆಗೆದುಕೊಳ್ಳುವುದಿಲ್ಲ.

ಇದ್ದಿಲುಗೆರೆ: ಚಿತ್ರ ಬರೆಯುವವಳಾಗಿ ಒಂದು ಮಾತು. ಹಿಂದೊಮ್ಮೆ ಇಂಥ ಉತ್ಸವದಲ್ಲಿ ಒಂದು ಗ್ಯಾಲರಿಯವರು ನಮ್ಮನ್ನು ಕೂರಿಸಿ ದಿನವಿಡೀ ಬಂದವರ ಮುಖ ಬರೆಸಿದರು. ಬ್ಯಾನರಿನಲ್ಲಿ ನಮ್ಮ ಹೆಸರಿರಲಿಲ್ಲ, ಸಂಭಾವನೆಯ ಮಾತು ಇಂದಿಗೂ ಎದ್ದಿಲ್ಲ. ಆದರೂ ಅಂದು ಒಬ್ಬ ಹುಡುಗಿ ತನ್ನದೇ ಚಿತ್ರದ ಇದ್ದಿಲಿನ ಗೆರೆಗೆ ಬೆರಳೊತ್ತಿ, ಕರಿಯಾದ ಬೆರಳನ್ನು ಕೆನ್ನೆಗೆ ಒರೆಸಿಕೊಂಡು, ‘ಈಗ ಇಬ್ಬರೂ ಒಂದೇ’ ಎಂದದ್ದು ಗ್ಯಾಲರಿಯ ಗೋಡೆಯ ಮುಂದೆ ನಡೆಯುವಂಥದ್ದಲ್ಲ. ತಂದು ತೋರಿಸುವುದಕ್ಕಿಂತ ಅಲ್ಲಿಯೇ ಕೂತು ಬರೆಯುವುದು ಮೇಲು, ಕೂಲಿ ಕೊಟ್ಟರೆ.

ಹಳೆಯ ಚೌಕಟ್ಟು: ‘ಬೆರಳೊತ್ತಿ’! ನಾನು ಹೇಳುತ್ತಿರುವುದೂ ಇದನ್ನೇ. ಮುಟ್ಟುವ ಕೈಗಳಿಗೆ ಯಾರು ಹೊಣೆ?

ಇದ್ದಿಲುಗೆರೆ: ಸಂಭಾವನೆಯ ಮಾತನ್ನು ತಾವೂ ದಾಟಿಹೋದಿರಿ.

ಮೂರನೆಯ ಸಾಲು: ಲಕ್ಸ್ ವಿಷಯ ಇನ್ನೂ ಮುಗಿದಿಲ್ಲ. ನಾಲ್ಕೂ ಕಡೆ ಪರದೆ ಕಟ್ಟಿ, ಒಳಗೆ ಮಂದದೀಪ ಹಾಕಿ, ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ 50ಕ್ಕೇ ಇಳಿಸಬಹುದು.

ಹಳೆಯ ಚೌಕಟ್ಟು: ಹಾಗೆ ಕಟ್ಟಿದ್ದನ್ನು ಗ್ಯಾಲರಿ ಎನ್ನುತ್ತಾರೆ. ಅದು ಈಗಾಗಲೇ ಬೀದಿಯ ಕೊನೆಯಲ್ಲಿದೆ.