ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವುದು ಬಿಟ್ಟು ಮಹಿಳಾ ಸಂಘದವರು ಬೇರೆ ಏನು ಮಾಡಬಹುದು? ಯಹೂದಿ ಹೆಂಗಸರ ಸಂಘಗಳ ಬಗ್ಗೆ ಗೊತ್ತಿದ್ದವರು ಹೇಳಿ

ತೀರ್ಥಹಳ್ಳಿ ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಊರಲ್ಲಿ ಹದಿನಾಲ್ಕು ಜನರ ಹೆಂಗಸರ ಸಂಘ ಇದೆ. ಉಳಿತಾಯ, ಸಾಲ, ಲೆಕ್ಕದ ಪುಸ್ತಕ ಎಲ್ಲ ಚೆನ್ನಾಗಿ ನಡೆಯುತ್ತಿದೆ. ಸೇವೆ ಅಂತ ಬಂದರೆ ಮಾತ್ರ ಪ್ರತಿ ವರ್ಷವೂ ಆಸ್ಪತ್ರೆಗೆ ಹೋಗಿ ಹಣ್ಣು, ಬ್ರೆಡ್ ಹಂಚಿ ಫೋಟೊ ತೆಗೆಸಿಕೊಂಡು ಬರುತ್ತೇವೆ. ಹೋದ ವರ್ಷ ಒಬ್ಬ ಅಜ್ಜಿ ಬ್ರೆಡ್ ಕೈಗೆ ಬಂದ ಕೂಡಲೇ, ನಾವು ಕೇಳುವ ಮೊದಲೇ, ಸೆರಗು ಸರಿ ಮಾಡಿಕೊಂಡು ಫೋಟೊಗೆ ನೆಟ್ಟಗೆ ಕೂತರು. ಅವರಿಗೆ ಅಷ್ಟು ರೂಢಿಯಾಗಿಬಿಟ್ಟಿದೆ. ಆಮೇಲೆ ಮೆಲ್ಲಗೆ, "ನನ್ನ ಡಿಸ್ಚಾರ್ಜ್ ನಾಳೆ, ಬಸ್ ಹತ್ತಿಸೋಕೆ ಯಾರಾದ್ರೂ ಬರ್ತೀರಾ" ಅಂತ ಕೇಳಿದರು. ನಾವು ಯಾರೂ ಹೋಗಲಿಲ್ಲ. ಆ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ನನ್ನ ತಂಗಿ ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಪಕ್ಕದ ಮನೆಯವರು ಯಹೂದಿ ಹೆಂಗಸರ ಸಂಘವೊಂದರಲ್ಲಿ ಕೆಲಸ ಮಾಡುತ್ತಾರಂತೆ, ನೂರು ವರ್ಷಕ್ಕೂ ಹಳೆಯ ಸಂಘವಂತೆ. ಅಷ್ಟು ಕಾಲ ಹೇಗೆ ನಡೆಸಿದರು, ಏನು ಮಾಡಿದರು? ನಮಗೆ ಇಲ್ಲಿ ಉಪಯೋಗಕ್ಕೆ ಬರುವಂಥದ್ದು ಇದ್ದರೆ ದಯವಿಟ್ಟು ತಿಳಿಸಿ.

ಸಾಗರದ ನಿವೃತ್ತ ಟೀಚರ್:
ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನೀವು ಹೇಳುತ್ತಿರುವುದು ಬಹುಶಃ ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಶ್ ವುಮೆನ್ ಇರಬಹುದು. 1893ರಲ್ಲಿ ಷಿಕಾಗೋದಲ್ಲಿ ಹ್ಯಾನಾ ಸೊಲೊಮನ್ ಅನ್ನುವವರು ಶುರು ಮಾಡಿದ್ದು. ನಮ್ಮ ವಿವೇಕಾನಂದರು ಮಾತಾಡಿದರಲ್ಲ, ಅದೇ ಊರು, ಅದೇ ವರ್ಷ, ಅದೇ ದೊಡ್ಡ ಮೇಳ. ಅಲ್ಲಿ ಈ ಹೆಂಗಸರಿಗೆ ಗಂಡಸರ ಸಮಿತಿ ಬಂದವರನ್ನು ಉಪಚರಿಸುವ ಕೆಲಸವಷ್ಟೇ ಕೊಡಲು ಹೊರಟಿತು. ಇವರು ಒಪ್ಪಲಿಲ್ಲ, ತಮ್ಮದೇ ಸಭೆ ನಡೆಸಿದರು, ಅದರಿಂದಲೇ ಸಂಘ ಹುಟ್ಟಿತು.

ಅವರ ಕೆಲಸಗಳಲ್ಲಿ ನನಗೆ ತುಂಬ ಹಿಡಿಸಿದ್ದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ್ದು. ಆಗ ಯೂರೋಪಿನಿಂದ ಹಡಗಿನಲ್ಲಿ ಒಂಟಿ ಹುಡುಗಿಯರು ಬಂದು ಇಳಿಯುತ್ತಿದ್ದರು. ಭಾಷೆ ಬರದು, ಕೈಯಲ್ಲಿ ಒಂದು ವಿಳಾಸದ ಚೀಟಿ, ಕೆಲಸ ಕೊಡಿಸುತ್ತೇನೆ ಅಂತ ಮೋಸ ಮಾಡುವವರು ದಡದಲ್ಲೇ ಕಾಯುತ್ತಿದ್ದರು. ಸಂಘದವರು ಆ ಹುಡುಗಿಯರ ಮನೆಮಾತಾದ ಯಿಡ್ಡಿಶ್ ಮಾತಾಡುವ ಹೆಂಗಸನ್ನು ಅಲ್ಲಿ ನಿಲ್ಲಿಸಿದರು. ಹುಡುಗಿಯ ಜೊತೆ ಅವಳ ಭಾಷೆಯಲ್ಲೇ ಮಾತಾಡುವುದು, ಆಮೇಲೆ ಅವಳು ಆ ವಿಳಾಸಕ್ಕೆ ಸುರಕ್ಷಿತವಾಗಿ ಮುಟ್ಟಿದಳಾ ಅಂತ ಹೋಗಿ ನೋಡುವುದು. ಆಮೇಲೆ ಹೋಗಿ ನೋಡುವುದು, ಅದೇ ಮುಖ್ಯ. ನಿಮ್ಮ ಅಜ್ಜಿ ಕೇಳಿದ್ದೂ ಅದನ್ನೇ ಅಲ್ವಾ?

ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೊಸನಗರ, ಸೊರಬ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರನ್ನು ನೋಡಿ. ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಕೊಡಬೇಕು, ರಿಪೋರ್ಟ್ ಎಷ್ಟು ಹೊತ್ತಿಗೆ ಸಿಗುತ್ತದೆ ಒಂದೂ ಗೊತ್ತಿರುವುದಿಲ್ಲ. ಜೊತೆಗೆ ಓಡಾಡಲು ಇಬ್ಬರು ನಿಂತರೂ ಸಾಕು, ದುಡ್ಡೇ ಬೇಡ.

ಹೊಸನಗರದ ನರ್ಸ್:
ಟೀಚರ್ ಹೇಳಿದ್ದು ಸರಿ. ನಾನು ಹದಾಸಾ ಅನ್ನುವ ಇನ್ನೊಂದು ಯಹೂದಿ ಹೆಂಗಸರ ಸಂಘದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದು ನರ್ಸ್‌ಗಳಿಂದ ಬೆಳೆದದ್ದು. 1912ರಲ್ಲಿ ಹೆನ್ರಿಯೆಟಾ ಸೋಲ್ಡ್ ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿದರು. ಮರುವರ್ಷವೇ ರೋಸ್ ಕಪ್ಲಾನ್, ರೇಚಲ್ ಲ್ಯಾಂಡಿ ಅನ್ನುವ ಇಬ್ಬರು ನರ್ಸ್‌ಗಳನ್ನು ಜೆರುಸಲೇಮಿಗೆ ಕಳಿಸಿದರು. ಬರೀ ಇಬ್ಬರು! ಬಾಣಂತಿಯರ ಆರೈಕೆ, ಜೊತೆಗೆ ಟ್ರಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಚಿಕಿತ್ಸೆ. ಆಗ ಅದರಿಂದ ಎಷ್ಟೋ ಜನರ ದೃಷ್ಟಿಯೇ ಹೋಗುತ್ತಿತ್ತು. ಆಮೇಲೆ ಶುದ್ಧ ಮಾಡಿದ ಹಾಲನ್ನು ಕತ್ತೆ ಮೇಲೆ ಹೇರಿ ಮನೆಮನೆಗೆ ಮುಟ್ಟಿಸಿದರು. ಅದರಿಂದ ಬೆಳೆದ ತಾಯಿ ಮಕ್ಕಳ ಕೇಂದ್ರಗಳಿಗೆ ಅಲ್ಲಿ ಇವತ್ತಿಗೂ 'ಹಾಲಿನ ಹನಿ' ಅಂತಲೇ ಹೆಸರು. ಹದಾಸಾದ ಆಸ್ಪತ್ರೆಗಳಲ್ಲಿ ಯಹೂದಿಗಳಿಗೂ ಅರಬರಿಗೂ ಚಿಕಿತ್ಸೆ ಸಿಗುತ್ತದೆ.

ನಮ್ಮ ಕಡೆಗೆ ಬಂದರೆ, ಮಂಗನ ಕಾಯಿಲೆ ಇದೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಕಂಡಿದ್ದು, ಇನ್ನೂ ಬಿಟ್ಟುಹೋಗಿಲ್ಲ. ಉಣುಗು ಕಚ್ಚಿ ಬರುವ ಕಾಯಿಲೆ, ಚಳಿಗಾಲದಿಂದ ಮಳೆ ಬರುವವರೆಗೆ ಜಾಸ್ತಿ. ಸೌದೆಗೆ, ದರಗಿಗೆ ಕಾಡಿಗೆ ಹೋಗುವವರು ಹೆಚ್ಚಾಗಿ ಹೆಂಗಸರು. ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ, ಎಷ್ಟೋ ಮನೆಯಲ್ಲಿ ಬಾಟಲಿ ಸೀಲ್ ಒಡೆಯದೆ ಗೂಡಿನಲ್ಲಿ ಕೂತಿರುತ್ತದೆ. ನಾವು ಸಮವಸ್ತ್ರ ಹಾಕಿಕೊಂಡು ಹೋಗಿ ಹೇಳಿದರೆ ತಲೆ ಆಡಿಸುತ್ತಾರೆ ಅಷ್ಟೇ. ಪಕ್ಕದ ಮನೆ ಅಕ್ಕ ಜೊತೆಗೆ ಕೂತು ತಾನೂ ಹಚ್ಚಿಕೊಂಡು, "ಬಾ, ನೀನೂ ಹಚ್ಕೋ" ಅಂದರೆ ಹಚ್ಚಿಕೊಳ್ಳುತ್ತಾರೆ. ಸಂಘದವರು ಮಾಡಬಹುದಾದದ್ದು ಇದು. ಕಾಡಿಂದ ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಲ್ಲಿ ನೆನೆಸುವುದು, ಜ್ವರ ಬಂದರೆ ಅದೇ ದಿನ ಆಸ್ಪತ್ರೆ. ಇಷ್ಟನ್ನು ಹತ್ತು ಮನೆಯಲ್ಲಿ ಬಿಡದೆ ಹೇಳಿದರೂ ದೊಡ್ಡ ಕೆಲಸ.

ಶಿವಮೊಗ್ಗದವಳು:
ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಯಹೂದಿ ಹೆಂಗಸರ ಸೇವೆ ಅಂದರೆ ಅಮೆರಿಕಕ್ಕೇ ಹೋಗಬೇಕಿಲ್ಲ. ಡಾಕ್ಟರ್ ಜೆರುಷಾ ಝಿರಾದ್ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲೇ! ಬೆನೆ ಇಸ್ರೇಲ್ ಅನ್ನುವ ಕೊಂಕಣ ತೀರದ ಯಹೂದಿ ಮನೆತನ. ಆ ಜನ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೇ ಅಲ್ಲಿ ಅವರಿಗೆ 'ಶನಿವಾರ ತೇಲಿ' ಅಂತ ಹೆಸರು. ಈಕೆ ಲಂಡನ್ನಿಗೆ ಹೋಗಿ 1919ರಲ್ಲಿ ಎಂ.ಡಿ. ಮುಗಿಸಿ, ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, ಬಾಣಂತಿಯರ ಸಾವು ತಪ್ಪಿಸುವುದಕ್ಕೆ ದುಡಿದರು. ಮುಂಬೈಯಲ್ಲಿ ತಮ್ಮ ಜನರ ಸ್ತ್ರೀ ಮಂಡಲದ ಕೆಲಸದಲ್ಲೂ ಮುಂದಿದ್ದರು. 1966ರಲ್ಲಿ ಪದ್ಮಶ್ರೀ ಬಂತು. ನಮ್ಮ ಊರಿನ ಶಾಲೆ ಮಕ್ಕಳಿಗೆ ಈ ಹೆಸರು ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ತೀರ್ಥಹಳ್ಳಿ ಕಡೆಯವಳು:
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಶಿವಮೊಗ್ಗ ಅಂದಿದ್ದು ಓದಿ ಮೈ ಜುಂ ಅಂತು. ಆದರೆ ನಮ್ಮವರಲ್ಲಿ ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ಅಡಿಕೆ ಕೊಯ್ಲು ಶುರುವಾದರೆ ಒಂದು ದಿನವೂ ಬಿಡುವಿಲ್ಲ, ಶಿವಮೊಗ್ಗಕ್ಕೆ ಹೋಗಿ ನಿಲ್ಲುವುದು ಕಷ್ಟ. ಊರಲ್ಲೇ ಇದ್ದು ಮಾಡುವಂಥದ್ದು ಇನ್ನೇನಾದರೂ ಇದೆಯಾ?

ಕೊಪ್ಪದಿಂದ:
ಇದೆ ಅಕ್ಕ. ಯಹೂದಿಗಳಲ್ಲಿ 'ಗೆಮಾಖ್' ಅಂತ ಒಂದು ಪದ್ಧತಿ ಇದೆ. ಬಾಡಿಗೆ, ಬಡ್ಡಿ ಇಲ್ಲದೆ ಸಾಮಾನು ಎರವಲು ಕೊಡುವುದು. ಮದುವೆ ಬಟ್ಟೆ, ತೊಟ್ಟಿಲು, ಕಂಕುಳ ಕೋಲು, ಏನು ಬೇಕಾದರೂ. ಎಷ್ಟೋ ಕಡೆ ಒಬ್ಬ ಹೆಂಗಸು ಮನೆಯ ಒಂದು ಕೋಣೆಯಲ್ಲೇ ನಡೆಸುತ್ತಾಳೆ. ಅವರಲ್ಲಿ ದಾನಕ್ಕೆ ಹೇಳುವ 'ತ್ಸೆದಾಕಾ' ಅನ್ನುವ ಮಾತಿನ ಬೇರಿನಲ್ಲಿ ನ್ಯಾಯ ಅನ್ನುವ ಅರ್ಥವಿದೆ. ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಿಲ್ಲ ಅಂತ.

ನಾವು ಮೂರು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ, ಹೆಸರು ಮಾತ್ರ ಆಮೇಲೆ ಗೊತ್ತಾಯಿತು. ನನ್ನ ಅತ್ತೆ ತೀರಿಕೊಂಡ ಮೇಲೆ ಅವರ ವಾಕರ್, ಕಮೋಡ್ ಕುರ್ಚಿ, ಗಾಳಿ ತುಂಬುವ ಹಾಸಿಗೆ ಅಟ್ಟದ ಮೇಲೆ ಬಿದ್ದಿದ್ದವು. ಕೊಪ್ಪ, ಶೃಂಗೇರಿ ಕಡೆ ಯಾವ ಮನೆಗೆ ಹೋದರೂ ಇದೇ. ಮಕ್ಕಳು ಬೆಂಗಳೂರಲ್ಲಿ, ಮುದುಕರಿಬ್ಬರು ಮನೆಯಲ್ಲಿ, ಸೊಂಟ ಮುರಿದಾಗ ತಂದ ಸಾಮಾನು ಅಟ್ಟದಲ್ಲಿ. ನಾವು ಕೇಳಿದಾಗ ಹದಿನೈದು ದಿನಕ್ಕೆ ಒಂಬತ್ತು ವಾಕರ್ ಬಂದವು! ಒಂದು ನೋಟ್‌ಬುಕ್‌ನಲ್ಲಿ ಯಾರಿಗೆ, ಯಾವತ್ತು ಅಂತಷ್ಟೇ ಬರೆಯುತ್ತೇವೆ. ಫೋಟೊ ಇಲ್ಲ. ತಿಂಗಳಿಗೊಮ್ಮೆ ಒಬ್ಬರು ಹೋಗಿ ಮಾತಾಡಿಸಿ ಬರಬೇಕು ಅಂತ ನಿಯಮ ಇದೆ. ನಿಜ ಹೇಳಬೇಕು ಅಂದರೆ ವಾಕರ್‌ಗಿಂತ ಆ ಮಾತಿಗೇ ಜಾಸ್ತಿ ಕಾಯುತ್ತಾರೆ.

ಒಂದು ವಿಷಯ ನೆನಪಿಡಿ. ವಾಕರ್ ಕಾಲಿನ ರಬ್ಬರ್ ಬುಷ್ ನೋಡದೆ ಕೊಡಬೇಡಿ. ಸವೆದಿದ್ದರೆ ಮಳೆಗಾಲದಲ್ಲಿ ಒದ್ದೆ ಜಗಲಿ ಮೇಲೆ ಜಾರುತ್ತದೆ. ಮೊದಲನೇ ವರ್ಷ ನಾವು ನೋಡದೆ ಕೊಟ್ಟು ಒಬ್ಬರು ಬಿದ್ದರು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ತೀರ್ಥಹಳ್ಳಿ ಕಡೆಯವಳು:
ಇದು ನಮ್ಮ ಕೈಲಿ ಆಗುತ್ತದೆ. ನಮ್ಮ ಮನೆ ಅಟ್ಟದಲ್ಲೇ ಮಾವನವರ ವ್ಹೀಲ್‌ಚೇರ್ ಇದೆ, ಗುರುವಾರದ ಸಭೆಗೆ ಅದನ್ನು ಒರೆಸಿ ತೆಗೆದುಕೊಂಡು ಹೋಗುತ್ತೇನೆ. ಎಣ್ಣೆ ಬಾಟಲಿ ವಿಷಯವನ್ನೂ ಅವತ್ತೇ ಎತ್ತುತ್ತೇನೆ. ಆ ಅಜ್ಜಿ ಊರು ಆಗುಂಬೆ ಕಡೆ ಅಂತ ಹೇಳಿದ್ದ ನೆನಪು, ವಿಚಾರಿಸಿಕೊಂಡು ಮೊದಲು ಅವರ ಮನೆಗೆ ಹೋಗಬೇಕು. ಕೊಪ್ಪದ ಅಕ್ಕ, ಆ ರಬ್ಬರ್ ಬುಷ್ ಬಿಡಿಯಾಗಿ ಎಲ್ಲಿ ಸಿಗುತ್ತದೆ?

ಕೊಪ್ಪದಿಂದ:
ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಹೋಗುವಾಗ ಹಳೇ ಬುಷ್ ಒಂದನ್ನು ಬಿಚ್ಚಿ ಕೈಯಲ್ಲಿ ತೆಗೆದುಕೊಂಡು ಹೋಗಿ, ಅಳತೆ ಬೇರೆ ಬೇರೆ ಇರುತ್ತದೆ.